ಊರಿನವರ ಗಾಲ್ಫ್ ಕೋರ್ಸ್‌ಗಳಲ್ಲಿ ನಾನು ಆಟ ಕಲಿತ ಬಗೆ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ, ವುಲ್ಫ್ ರೋಡ್ ಪಕ್ಕ, ಸಂಕನ್ ಗಾರ್ಡನ್ಸ್ ಅಂತ ಒಂದು ಗಾಲ್ಫ್ ಕೋರ್ಸ್ ಇದೆ. ನಗರಸಭೆಯದ್ದು. ಒಂಬತ್ತೇ ಹೋಲ್ (ಚೆಂಡು ಹಾಕಬೇಕಾದ ಕುಳಿ), ಪಾರ್ 29, ಅಂದರೆ ಚೆನ್ನಾಗಿ ಆಡುವವರು ಒಟ್ಟು 29 ಹೊಡೆತದಲ್ಲಿ ಮುಗಿಸಬೇಕು. ಸದಸ್ಯರಾಗಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಕೌಂಟರಿನಲ್ಲಿ ದುಡ್ಡು ಕೊಟ್ಟರೆ ಯಾರು ಬೇಕಾದರೂ ಆಡಬಹುದು. ನಾನು ಗಾಲ್ಫ್ ಕಲಿತದ್ದು ಅಲ್ಲಿ. ಆಮೇಲೆ ಸಮುದ್ರದ ದಂಡೆಯ ಕೋರ್ಸ್‌ಗಳಲ್ಲಿ, ಹಳ್ಳಿ ಕಡೆಯ ಕೋರ್ಸ್‌ಗಳಲ್ಲಿ, ದೊಡ್ಡ ಪಂದ್ಯಾವಳಿ ನಡೆದ ಕೋರ್ಸಿನಲ್ಲೂ ಆಡಿದೆ. ಆದರೂ ಹೊಸದಾಗಿ ಶುರು ಮಾಡುವ ಯಾರೇ ಕೇಳಲಿ, ಮೊದಲು ನಿಮ್ಮ ಮನೆ ಹತ್ತಿರದ ಸಣ್ಣ ಕೋರ್ಸಿಗೆ ಹೋಗಿ ಅಂತಲೇ ಹೇಳುತ್ತೇನೆ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಗಾಲ್ಫ್ ಕಡೆ ನನ್ನ ಮನಸ್ಸು ಹೋಗಿದ್ದು 2021ರ ಆಗಸ್ಟಿನಲ್ಲಿ. ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ ಗಾಲ್ಫ್, ಕೊನೆಯ ಸುತ್ತು. ಜಪಾನಿನಲ್ಲಿ ಶನಿವಾರ ಬೆಳಿಗ್ಗೆ, ನಮಗೆ ಇಲ್ಲಿ ಶುಕ್ರವಾರ ಸಂಜೆ. ಅಕ್ಕನ ಮನೆಯಲ್ಲಿ ಊಟದ ತಟ್ಟೆ ಹಿಡಿದು ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಮೂರು ಸುತ್ತು ಮುಗಿದಾಗ ಎರಡನೇ ಸ್ಥಾನದಲ್ಲಿದ್ದಳು. ಬ್ಯಾಗ್ ಹೊತ್ತು ಜೊತೆಗೆ ನಡೆಯುತ್ತಿದ್ದವರು ಅವಳ ಅಮ್ಮ. ಬೇರೆಯವರು ಹೊಡೆದ ಚೆಂಡು ಅವಳ ಚೆಂಡಿಗಿಂತ ಎಷ್ಟೋ ಮುಂದೆ ಹೋಗಿ ಬೀಳುತ್ತಿತ್ತು. ಆದರೆ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಹತ್ತಿರ ಬಂದರೆ ಅವಳೇ ಅವಳು. ದೂರದ ಪಟ್‌ಗಳನ್ನು (ಕುಳಿಯ ಕಡೆ ಚೆಂಡು ಉರುಳಿಸುವ ಹೊಡೆತ) ಒಂದಾದ ಮೇಲೊಂದು ಹಾಕುತ್ತಿದ್ದಳು. ಮಧ್ಯೆ ಮಳೆ ಬಂದು ಆಟ ನಿಂತಿತು, ಮತ್ತೆ ಶುರುವಾಯಿತು. ಕೊನೆಗೆ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವಳಾದಳು. ನಮ್ಮ ಮನೆಯಲ್ಲಿ ಯಾರೂ ಅವತ್ತು ಬೇಗ ಮಲಗಲಿಲ್ಲ.

ನಮ್ಮ ಭಾವ ಬಹಳ ಕಾಲದಿಂದ ಗಾಲ್ಫ್ ಆಡುತ್ತಾರೆ. ಅವರನ್ನು ಕೇಳಿದೆ.

“ಭಾವ, ಇದನ್ನ ಕಲಿಯೋಕೆ ಎಷ್ಟು ಖರ್ಚಾಗುತ್ತೆ?”

“ಶುರು ಮಾಡೋಕೆ ಒಂದು ಬುಟ್ಟಿ ಚೆಂಡಿನ ದುಡ್ಡು ಸಾಕು ಕಣಮ್ಮ. ನಾಳಿದ್ದು ಬಾ, ನನ್ನ ಹಳೇ ಸೆವೆನ್ ಐರನ್ ಇದೆ.”

ಸೆವೆನ್ ಐರನ್ ಅಂದರೆ ಚೆಂಡು ಹೊಡೆಯುವ ಒಂದು ಕೋಲು, ಇಂಥ ಕೋಲಿಗೆ ಕ್ಲಬ್ ಅನ್ನುತ್ತಾರೆ. ಹಾಗೆ ಹೋದದ್ದು ಸಂಕನ್ ಗಾರ್ಡನ್ಸ್‌ನ ಡ್ರೈವಿಂಗ್ ರೇಂಜಿಗೆ, ಅಂದರೆ ಹೊಡೆತ ಅಭ್ಯಾಸ ಮಾಡುವ ಜಾಗಕ್ಕೆ. ಸಾಲಾಗಿ ಹಸಿರು ಮ್ಯಾಟ್ ಹಾಸಿರುತ್ತಾರೆ. ಮಷಿನ್‌ಗೆ ದುಡ್ಡು ಹಾಕಿದರೆ ಬುಟ್ಟಿಗೆ ಚೆಂಡು ಬೀಳುತ್ತದೆ. ಭಾವ ಮೊದಲ ದಿನ ಹೊಡೆಯಲು ಬಿಡಲೇ ಇಲ್ಲ, ಬರೀ ಹಿಡಿಯುವುದನ್ನು ಹೇಳಿಕೊಟ್ಟರು. ಎಡಗೈ ಮೊದಲು, ಅದರ ಕೆಳಗೆ ಬಲಗೈ, ಬಲಗೈಯ ಕಿರುಬೆರಳು ಎಡಗೈ ಬೆರಳುಗಳ ಮೇಲೆ ಕೂರಬೇಕು. ಗಟ್ಟಿ ಹಿಡಿದರೆ ಮೊಣಕೈ, ಭುಜ ಎಲ್ಲ ಬಿಗಿಯಾಗುತ್ತದೆ. ಬಿಸಿಲಿಗೆ ಹಾಕುವ ಹಸಿ ಹಪ್ಪಳವನ್ನು ಎತ್ತುವ ಹಾಗೆ ಹಿಡಿಯಬೇಕು. ಹರಿಯಲೂ ಬಾರದು, ಜಾರಲೂ ಬಾರದು. ಇವತ್ತಿಗೂ ಆಟ ಕೆಟ್ಟ ದಿನ ನಾನು ಮೊದಲು ನೋಡಿಕೊಳ್ಳುವುದು ಕೈ ಹಿಡಿತವನ್ನೇ.

ರೇಂಜಿನಲ್ಲಿ ಒಂದಷ್ಟು ವಾರ ಕಳೆದ ಮೇಲೆ ಕೋರ್ಸಿಗೆ ಇಳಿದೆ. ಸಂಕನ್ ಗಾರ್ಡನ್ಸ್‌ನಲ್ಲಿ ಎರಡು ಹೋಲ್ ಬಿಟ್ಟರೆ ಉಳಿದ ಏಳೂ ಪಾರ್ 3. ಅಂದರೆ ಚೆನ್ನಾಗಿ ಆಡುವವರು ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟಿ, ಎರಡು ಪಟ್‌ನಲ್ಲಿ ಮುಗಿಸಬೇಕು. ನನ್ನಂಥ ಹೊಸಬರು ಗ್ರೀನ್ ಪಕ್ಕದಲ್ಲೆಲ್ಲೋ ಬೀಳುತ್ತೇವೆ. ಅಲ್ಲಿಂದ ಚಿಪ್ ಮಾಡಬೇಕು, ಅಂದರೆ ಸಣ್ಣಗೆ ಎತ್ತಿ ಹೊಡೆಯಬೇಕು, ಮತ್ತೆ ಪಟ್ ಮಾಡಬೇಕು. ಹಾಗಾಗಿ ಒಂದೂವರೆ ಗಂಟೆಯ ಆಟದಲ್ಲಿ ಗ್ರೀನ್ ಸುತ್ತಲಿನ ಕೆಲಸವೇ ಜಾಸ್ತಿ. ಸಣ್ಣ ಕೋರ್ಸಿನ ಗುಣ ಇದೇ. ನಾಲ್ಕುನೂರು ಗಜದ ಹೋಲ್‌ನಲ್ಲಿ ಹೊಸಬರು ಸುಮ್ನೆ ನಡೆದು ನಡೆದು ಸುಸ್ತಾಗುತ್ತಾರೆ. ಇಲ್ಲಿ ಕೈಗೆ ಕೆಲಸ ಸಿಗುತ್ತದೆ.

ಒಬ್ಬರೇ ಹೋದರೆ ಸ್ಟಾರ್ಟರ್ (ಗುಂಪುಗಳನ್ನು ಆಟಕ್ಕೆ ಬಿಡುವವರು) ನಿಮ್ಮನ್ನು ಬೇರೆಯವರ ಜೊತೆ ಸೇರಿಸುತ್ತಾರೆ. ಸಾರ್ವಜನಿಕ ಕೋರ್ಸ್‌ಗಳಲ್ಲಿ ನಾಲ್ವರ ಗುಂಪು ಮಾಡಿ ಬಿಡುವುದು ವಾಡಿಕೆ. ಭಾವ ಇಲ್ಲದೆ ಹೋದ ಮೊದಲ ಸಲ ನನ್ನನ್ನು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಮತ್ತು ಕೊರಿಯಾದ ಒಬ್ಬ ಅಜ್ಜಿಯ ಜೊತೆ ಸೇರಿಸಿದರು. ಅಜ್ಜಿಗೆ ಎಪ್ಪತ್ತರ ಮೇಲಿರಬೇಕು. ಬ್ಯಾಗಿನಲ್ಲಿ ಐದಾರು ಕ್ಲಬ್ ಮಾತ್ರ. ನಿಯಮದ ಪ್ರಕಾರ 14ರ ತನಕ ಇಟ್ಟುಕೊಳ್ಳಬಹುದು, ಅವರಿಗೆ ಅಷ್ಟು ಬೇಕಿರಲಿಲ್ಲ. ಗ್ರೀನ್‌ನ ಹೊರಗೆ ಮೂರು ನಾಲ್ಕು ಹೆಜ್ಜೆ ದೂರದಲ್ಲಿ ಚೆಂಡು ಬಿದ್ದರೂ ಅವರು ಪಟ್ ಮಾಡುವ ಕ್ಲಬ್ ಆದ ಪಟ್ಟರನ್ನೇ ತೆಗೆಯುತ್ತಿದ್ದರು. ಚೆಂಡು ಹುಲ್ಲಿನ ಮೇಲೆ ಉರುಳಿಕೊಂಡು ಹೋಗಿ ಕುಳಿಯ ಪಕ್ಕ ನಿಲ್ಲುತ್ತಿತ್ತು. ನಾನು ಎತ್ತಿ ಹೊಡೆಯಲು ಒದ್ದಾಡುವುದನ್ನು ಎರಡು ಹೋಲ್ ನೋಡಿ, ಮೂರನೆಯದರಲ್ಲಿ ನನ್ನ ಪಟ್ಟರನ್ನು ತೋರಿಸಿ, “ಇದು” ಅಂದರು. ಅಷ್ಟೇ. ಅದಕ್ಕಿಂತ ಒಳ್ಳೆಯ ಪಾಠ ನನಗೆ ದುಡ್ಡು ಕೊಟ್ಟ ಕೋಚ್‌ಗಳಿಂದಲೂ ಸಿಕ್ಕಿಲ್ಲ.

ಪೋಸ್ಟ್‌ಮ್ಯಾನ್ ಕಲಿಸಿದ್ದು ಬೇರೆ. ಎತ್ತರದಿಂದ ಬಂದು ಬಿದ್ದ ಚೆಂಡು ಗ್ರೀನ್ ಮೇಲೆ ಒಂದು ಗುಳಿ ಮಾಡುತ್ತದೆ. ಅದನ್ನು ಸರಿ ಮಾಡುವುದು ಆಡಿದವರ ಕೆಲಸ. ಎರಡು ಹಲ್ಲಿನ ಸಣ್ಣ ಫೋರ್ಕ್ ಇರುತ್ತದೆ. ಅದನ್ನು ಗುಳಿಯೊಳಗೆ ಚುಚ್ಚಿ ಮಣ್ಣನ್ನು ಮೇಲಕ್ಕೆ ಎತ್ತಲು ಎಲ್ಲರಿಗೂ ಕೈ ಹೋಗುತ್ತದೆ. ಹಾಗೆ ಮಾಡಿದರೆ ಬೇರು ಕಿತ್ತು ಹುಲ್ಲು ಒಣಗುತ್ತದೆ. ಅವರು ಮಂಡಿಯೂರಿ ಕೂತು ಮಾಡಿ ತೋರಿಸಿದರು. ಗುಳಿಯ ಅಂಚಿನ ಹೊರಗೆ ಚುಚ್ಚಬೇಕು. ಸುತ್ತಲಿಂದ ಹುಲ್ಲನ್ನು ನಡುವಿಗೆ ಮೆಲ್ಲಗೆ ತಳ್ಳಬೇಕು. ಆಮೇಲೆ ಪಟ್ಟರಿನ ತಳದಿಂದ ಎರಡು ಸಲ ತಟ್ಟಬೇಕು. ಎದ್ದು ನೋಡಿದರೆ ಗುಳಿ ಎಲ್ಲಿತ್ತು ಅಂತಲೇ ಗೊತ್ತಾಗಲಿಲ್ಲ. “ನಿನ್ನದೊಂದು, ಜೊತೆಗೆ ಇನ್ನೊಬ್ಬರದ್ದು ಒಂದು” ಅಂದರು. ಅಂದರೆ ನಮ್ಮ ಗುಳಿಯ ಜೊತೆ ಯಾರೋ ಬಿಟ್ಟು ಹೋದ ಇನ್ನೊಂದನ್ನೂ ಸರಿ ಮಾಡಬೇಕು. ಸಾವಿರಾರು ಜನ ಓಡಾಡುವ ಊರಿನ ಕೋರ್ಸು ಆಡುವ ಸ್ಥಿತಿಯಲ್ಲಿ ಇರುವುದು ಇಂಥವರಿಂದ.

ಅಮೆರಿಕದಲ್ಲಿ ಇಂಥ ಕೋರ್ಸ್‌ಗಳದ್ದು ಹಳೆಯ ಕಥೆ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿರುವ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕ್ ಕೋರ್ಸ್ 1895ರಲ್ಲಿ ಶುರುವಾದದ್ದು, ಈ ದೇಶದ ಮೊದಲ ಸಾರ್ವಜನಿಕ ಕೋರ್ಸ್. ಈಗ ಇಲ್ಲಿನ ಕೋರ್ಸ್‌ಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಎಲ್ಲರಿಗೂ ತೆರೆದಿರುವಂಥವು. ಕೆಲವು ನಗರಸಭೆಯವು, ಕೆಲವು ಕೌಂಟಿಯವು, ಉಳಿದವು ಖಾಸಗಿಯವರವು ಆದರೂ ಗ್ರೀನ್ ಫೀ (ಆಡುವ ಶುಲ್ಕ) ಕಟ್ಟಿ ಆಡಬಹುದು. ಇಲ್ಲಿಗೆ ಬಂದು ಎಷ್ಟೋ ವರ್ಷವಾದರೂ ಇದು ಗೊತ್ತಿಲ್ಲದ ನಮ್ಮವರು ಬಹಳ ಜನ ಇದ್ದಾರೆ. ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಮಾತಾಡುವಾಗ ನನಗೆ ಇದು ಗೊತ್ತಾಗುತ್ತದೆ. ಕ್ರಿಕೆಟ್‌ಗೆ ಪಾರ್ಕ್ ಬುಕ್ ಮಾಡುವುದು ಎಲ್ಲರಿಗೂ ಗೊತ್ತು. ಗಾಲ್ಫ್ ಕೋರ್ಸೂ ಅನೇಕ ಕಡೆ ಅದೇ ಪಾರ್ಕ್ ಇಲಾಖೆಯ ಕೈಯಲ್ಲೇ ಇರುತ್ತದೆ ಅಂದರೆ ಆಶ್ಚರ್ಯಪಡುತ್ತಾರೆ.

ಈಗ ಕಷ್ಟದ ವಿಷಯ. ಟೀ ಟೈಮ್, ಅಂದರೆ ಆಟ ಶುರು ಮಾಡುವ ಸರದಿಯ ಸಮಯ, ಸಿಗುವುದು. ಕೋವಿಡ್ ಕಾಲದಲ್ಲಿ ಹೊರಗೆ ಆಡಬಹುದಾದ ಆಟ ಅಂತ ಜನ ಗಾಲ್ಫ್ ಕಡೆ ಬಂದರು, ಬಂದವರು ಉಳಿದುಕೊಂಡರು. ಸಾಮಾನ್ಯವಾಗಿ ಆಟದ ದಿನಕ್ಕೆ ಒಂದು ವಾರ ಮುಂಚೆ ಬುಕಿಂಗ್ ತೆರೆಯುತ್ತದೆ. ಶನಿವಾರ ಬೆಳಗಿನ ಸಮಯಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಲಾಸ್ ಏಂಜಲೀಸ್‌ನಲ್ಲಂತೂ ದಲ್ಲಾಳಿಗಳು ನಗರಸಭೆಯ ಕೋರ್ಸ್‌ಗಳ ಟೀ ಟೈಮ್ ಹಿಡಿದಿಟ್ಟು ಮಾರುತ್ತಿದ್ದರು. 2024ರಲ್ಲಿ ಅಲ್ಲಿನ ನಗರಾಡಳಿತ ತಲೆಗೆ 10 ಡಾಲರ್ ಮುಂಗಡ, ವಾಪಸ್ ಇಲ್ಲ ಅನ್ನುವ ನಿಯಮ ತರಬೇಕಾಯಿತು. ನನಗೆ ಈ ವಿಷಯದಲ್ಲಿ ನಿಜಕ್ಕೂ ಸಿಟ್ಟಿದೆ. ಊರಿಗೆ ಸೇರಿದ ಜಾಗವನ್ನು ಹಿಡಿದು ಮಾರುವುದು ಸರಿಯಲ್ಲ. ನಾನು ಕಂಡುಕೊಂಡ ದಾರಿ ಟ್ವೈಲೈಟ್. ಮಧ್ಯಾಹ್ನ ಮೂರು ಗಂಟೆ ಸುಮಾರಿಗೆ ದರ ಇಳಿಯುತ್ತದೆ, ಜನ ಕಡಿಮೆ. ಬೇಸಿಗೆಯಲ್ಲಿ ಎಂಟೂವರೆ ತನಕ ಬೆಳಕಿರುತ್ತದೆ. ಕೆಲಸ ಬೇಗ ಮುಗಿದ ದಿನ ಲ್ಯಾಪ್‌ಟಾಪ್ ಮುಚ್ಚಿ ಹೊರಟರೆ ಒಂಬತ್ತು ಹೋಲ್ ಆರಾಮಾಗಿ ಮುಗಿಯುತ್ತದೆ.

ಹದಿನೆಂಟು ಹೋಲ್‌ನ ಪೂರ್ತಿ ಆಟಕ್ಕೆ ನಾನು ಹೆಚ್ಚಾಗಿ ಹೋಗುವುದು ಮೌಂಟನ್ ವ್ಯೂನ ಶೋರ್‌ಲೈನ್‌ಗೆ. ಗೂಗಲ್ ಕಚೇರಿಗಳ ಪಕ್ಕದಲ್ಲೇ ಇದೆ. 1983ರಲ್ಲಿ ತೆರೆದದ್ದು. ಅದರ ಕೆಳಗಿರುವುದು ಕಸ ತುಂಬಿದ ನೆಲ. ಕಸದ ಮೇಲೆ ಮಣ್ಣು ಹಾಕಿ, ಹುಲ್ಲು ಬೆಳೆಸಿ, ಪಾರ್ಕ್, ಕೊಳ, ಗಾಲ್ಫ್ ಕೋರ್ಸ್ ಮಾಡಿದ್ದಾರೆ. ನೆಲದಲ್ಲಿ ಬಿಲ ಮಾಡಿಕೊಂಡು ಇರುವ ಪುಟ್ಟ ಗೂಬೆಗಳು ಆ ಪಾರ್ಕಿನಲ್ಲಿವೆ. ಕೆನಡಾ ಹೆಬ್ಬಾತುಗಳಂತೂ ಹಿಂಡು ಹಿಂಡು. ಫೇರ್‌ವೇ (ಗ್ರೀನ್ ತನಕ ಹೋಗುವ ಕತ್ತರಿಸಿದ ಹುಲ್ಲಿನ ದಾರಿ) ಮೇಲೆ ಮೇಯುತ್ತಿರುತ್ತವೆ, ಚೆಂಡು ಹತ್ತಿರ ಬಿದ್ದರೂ ಕದಲುವುದಿಲ್ಲ. ಶೂ ತೊಳೆದುಕೊಂಡೇ ಮನೆಯೊಳಗೆ ಹೋಗಬೇಕು.

ಶೋರ್‌ಲೈನ್ ನನಗೆ ಗಾಳಿ ಓದುವುದನ್ನು ಕಲಿಸಿತು. ಬೆಳಿಗ್ಗೆ ಎಲೆಯೂ ಅಲುಗುವುದಿಲ್ಲ. ಮಧ್ಯಾಹ್ನ ಆದಂತೆ ಕೊಲ್ಲಿಯ ಕಡೆ ಗಾಳಿ ಏಳುತ್ತದೆ. ಬೆಳಿಗ್ಗೆ ಸೆವೆನ್ ಐರನ್‌ನಲ್ಲಿ ಮುಟ್ಟಿದ ಗ್ರೀನ್‌ಗೆ ಸಂಜೆ ಇನ್ನೂ ದೂರ ಹೊಡೆಯುವ ಫೈವ್ ಐರನ್ ಬೇಕಾಗುತ್ತದೆ. ಹುಲ್ಲಿನದ್ದೂ ಹಾಗೇ. ಕರಾವಳಿಯ ಬಹಳಷ್ಟು ಗ್ರೀನ್‌ಗಳಲ್ಲಿ ಪೋವಾ ಅನ್ನುವ ಹುಲ್ಲು ಸೇರಿಕೊಂಡಿರುತ್ತದೆ. ಬೆಳಿಗ್ಗೆ ಕತ್ತರಿಸಿದಾಗ ನುಣ್ಣಗಿರುತ್ತದೆ. ವಸಂತ ಕಾಲದಲ್ಲಿ ಮಧ್ಯಾಹ್ನದ ಹೊತ್ತಿಗೆ ಸಣ್ಣ ಸಣ್ಣ ಬಿಳಿ ತೆನೆ ಬಿಡುತ್ತದೆ. ಬಗ್ಗಿ ನೋಡಿದರೆ ಕಾಣುತ್ತದೆ. ಮೆಲ್ಲಗೆ ಉರುಳುವ ಚೆಂಡು ಆ ತೆನೆಗಳಿಗೆ ತಾಗಿ ಕುಣಿಯುತ್ತಾ ದಾರಿ ಬದಲಿಸುತ್ತದೆ. ಅದಕ್ಕೇ ಸಂಜೆ ಆಡುವಾಗ ಪಟ್ ಸ್ವಲ್ಪ ಧೈರ್ಯವಾಗಿ ಹೊಡೆಯಬೇಕು. ಇದನ್ನು ಯಾವ ವಿಡಿಯೋ ನೋಡಿದರೂ ಕಲಿಯುವುದಕ್ಕಾಗುವುದಿಲ್ಲ, ಒಂದೇ ಜಾಗದಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಆಡಬೇಕು.

ಆಟ ಒಂದು ಹದಕ್ಕೆ ಬಂದ ಮೇಲೆ ಭಾವ, “ಹ್ಯಾಂಡಿಕ್ಯಾಪ್ ಮಾಡಿಸ್ಕೊ” ಅಂದರು. ಆಟಗಾರರ ಮಟ್ಟ ಹೇಳುವ ಸಂಖ್ಯೆ ಅದು. ಇದು ಗಾಲ್ಫ್‌ನಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 1901ರಿಂದ ನಡೆಯುತ್ತಿರುವ ಗಾಲ್ಫ್ ಸಂಘ ಇದೆ, ಎನ್‌ಸಿಜಿಎ. ಅದರ ಅಡಿಯಲ್ಲಿ ಬರುವ ಯಾವುದಾದರೂ ಕ್ಲಬ್ ಸೇರಬೇಕು. ಕ್ಲಬ್ ಅಂದರೆ ಕಟ್ಟಡ, ಈಜುಕೊಳ ಇರಲೇಬೇಕು ಅಂತಿಲ್ಲ. ಒಂದೇ ಕೋರ್ಸಿನಲ್ಲಿ ಆಡುವ ಜನ, ಒಂದೇ ಕಂಪನಿಯವರು ಸೇರಿ ಮಾಡಿಕೊಂಡ ಕ್ಲಬ್‌ಗಳೂ ಇವೆ. ವರ್ಷದ ಶುಲ್ಕ ಒಂದು ಸುತ್ತು ಆಡುವ ಖರ್ಚಿನ ಆಸುಪಾಸು. ಸೇರಿದ ಮೇಲೆ ಆಡಿದ ಸ್ಕೋರನ್ನು ಆ್ಯಪ್‌ನಲ್ಲಿ ಹಾಕುತ್ತಾ ಹೋಗಬೇಕು. ಒಟ್ಟು 54 ಹೋಲ್‌ಗಳ ಸ್ಕೋರ್ ಆದರೆ ನಿಮ್ಮ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಬರುತ್ತದೆ. ಒಂಬತ್ತು ಹೋಲ್ ಆಟದ ಸ್ಕೋರೂ ನಡೆಯುತ್ತದೆ.

ಲೆಕ್ಕ ಹೀಗೆ. ಪ್ರತಿ ಕೋರ್ಸಿಗೂ ಎರಡು ಸಂಖ್ಯೆ ಇರುತ್ತವೆ. ಒಂದು ಕೋರ್ಸ್ ರೇಟಿಂಗ್, ಪಳಗಿದ ಆಟಗಾರರು ಅಲ್ಲಿ ಎಷ್ಟು ಹೊಡೆತದಲ್ಲಿ ಮುಗಿಸುತ್ತಾರೆ ಅನ್ನುವ ಅಂದಾಜು. ಇನ್ನೊಂದು ಸ್ಲೋಪ್, ಸಾಧಾರಣ ಆಟಗಾರರಿಗೆ ಆ ಕೋರ್ಸ್ ಪಳಗಿದವರಿಗಿಂತ ಎಷ್ಟು ಹೆಚ್ಚು ಕಷ್ಟ ಅನ್ನುವ ಅಳತೆ. ಸ್ಲೋಪ್ 55ರಿಂದ 155ರ ತನಕ ಇರುತ್ತದೆ, 113 ಅಂದರೆ ಸಾಮಾನ್ಯ ಮಟ್ಟದ ಕಷ್ಟ. ನಿಮ್ಮ ಸ್ಕೋರಿನಿಂದ ರೇಟಿಂಗ್ ಕಳೆದು, ಸ್ಲೋಪ್‌ಗೆ ತಕ್ಕ ಹಾಗೆ ಹೊಂದಿಸುತ್ತಾರೆ. ಕೊನೆಯ 20 ಸುತ್ತುಗಳಲ್ಲಿ ಚೆನ್ನಾಗಿ ಆಡಿದ 8ರ ಸರಾಸರಿಯೇ ಇಂಡೆಕ್ಸ್. ಗಂಡಸರಿಗೂ ಹೆಂಗಸರಿಗೂ ಇದರ ಗರಿಷ್ಠ ಮಿತಿ 54. ಲೋಕದ ಎಲ್ಲ ಕಡೆ ಒಂದೇ ಪದ್ಧತಿ ಇರಲಿ ಅಂತ 2020ರಲ್ಲಿ ಇದನ್ನು ಜಾರಿಗೆ ತಂದರು. ಸನ್ನಿವೇಲ್‌ನಲ್ಲಿ ಬಂದ ನನ್ನ ಇಂಡೆಕ್ಸ್ ಮೈಸೂರಿನಲ್ಲೂ ಲೆಕ್ಕಕ್ಕೆ ಬರುತ್ತದೆ.

ಇದರಿಂದ ಏನಾಗುತ್ತದೆ ಗೊತ್ತಾ? ಮೂವತ್ತು ವರ್ಷದಿಂದ ಆಡುತ್ತಿರುವ ಭಾವನ ಜೊತೆ ನಾನು ಸಮಸಮವಾಗಿ ಪಂದ್ಯ ಆಡಬಹುದು. ಅವರಿಗಿಂತ ನನಗೆ ಹೆಚ್ಚು ಹೊಡೆತಗಳ ರಿಯಾಯಿತಿ ಸಿಗುತ್ತದೆ. ಕಷ್ಟದ ಹೋಲ್‌ಗಳಲ್ಲಿ ಆ ಹೊಡೆತಗಳನ್ನು ಹಂಚುತ್ತಾರೆ. ಕೊನೆಯ ಹೋಲ್ ತನಕ ಯಾರು ಗೆಲ್ಲುತ್ತಾರೋ ಗೊತ್ತಿರುವುದಿಲ್ಲ. ಹೊಸಬರು ಹಳಬರ ಜೊತೆ ಹೀಗೆ ನ್ಯಾಯವಾಗಿ ಆಡುವ ಅವಕಾಶ ನನಗೆ ಗೊತ್ತಿರುವ ಬೇರೆ ಯಾವ ಆಟದಲ್ಲೂ ಇಷ್ಟು ಚೆನ್ನಾಗಿಲ್ಲ. ಮುಂದಿನ ಟೀ ಇಂದ, ಅಂದರೆ ಕುಳಿಗೆ ಹತ್ತಿರದ ಶುರುವಿನ ಜಾಗದಿಂದ, ಆಡುವುದೂ ಇದೇ ಲೆಕ್ಕದಲ್ಲಿ ಸೇರಿಕೊಂಡಿದೆ. ಪ್ರತಿ ಟೀಗೂ ಬೇರೆ ರೇಟಿಂಗ್ ಇದೆ. ಹೊಸಬರು ಗಂಡಸರಾಗಲಿ ಹೆಂಗಸರಾಗಲಿ ಮುಂದಿನ ಟೀ ಇಂದಲೇ ಶುರು ಮಾಡಲಿ ಅನ್ನುವುದು ನನ್ನ ಖಂಡಿತ ಅಭಿಪ್ರಾಯ.

ಹಳ್ಳಿ ಕಡೆಯ ಕೋರ್ಸ್‌ಗಳಲ್ಲಿ ನನ್ನ ಮನಸ್ಸು ಗೆದ್ದದ್ದು ನಾರ್ತ್‌ವುಡ್. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ, ಸೊನೊಮಾ ಕೌಂಟಿಯ ಮಾಂಟೆ ರಿಯೋ ಅನ್ನುವ ಪುಟ್ಟ ಊರು, ರಷ್ಯನ್ ನದಿಯ ಮಗ್ಗುಲು. ಒಂಬತ್ತು ಹೋಲ್, ಪಾರ್ 36. 1928ರದ್ದು. ಎರಡೂ ಕಡೆ ಮುಗಿಲು ಮುಟ್ಟುವ ರೆಡ್‌ವುಡ್ ಮರಗಳು. ಕೊಡಗಿನ ಕಾಡು ನೋಡಿದವರಿಗೂ ಆ ಎತ್ತರ ಹೊಸದು. ಫೇರ್‌ವೇ ಮೇಲೆ ಹಗಲಲ್ಲೂ ನೆರಳು, ನೆಲ ತಂಪು. ಚೆಂಡು ಮರಕ್ಕೆ ಬಡಿದರೆ ‘ಟಕ್’ ಅನ್ನುವ ಸದ್ದು ಕಣಿವೆಗೆಲ್ಲ ಕೇಳುತ್ತದೆ. ಇದನ್ನು ವಿನ್ಯಾಸ ಮಾಡಿದವರು ಅಲಿಸ್ಟರ್ ಮೆಕೆಂಜಿ. ಡಾಕ್ಟರಾಗಿದ್ದವರು, ಆಮೇಲೆ ಕೋರ್ಸ್ ವಿನ್ಯಾಸಕ್ಕೆ ಬಂದರು. ಹೆಸರಾಂತ ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ಆಗಸ್ಟಾ ನ್ಯಾಷನಲ್ ಅನ್ನುವ ಹೆಸರುವಾಸಿ ಖಾಸಗಿ ಕೋರ್ಸ್ ಮಾಡಿದವರೂ ಇವರೇ. ಆಗಸ್ಟಾದಲ್ಲಿ ಆಡಬೇಕಾದರೆ ಸದಸ್ಯರು ಕರೆಯಬೇಕು. ಅದೇ ಕೈ ಮಾಡಿದ ನಾರ್ತ್‌ವುಡ್‌ನಲ್ಲಿ ನಾನು ಕೌಂಟರಿಗೆ ದುಡ್ಡು ಕೊಟ್ಟು, ಬ್ಯಾಗ್ ಹೆಗಲಿಗೆ ಹಾಕಿ ನಡೆದೆ. ನನ್ನ ಜೊತೆಗಿದ್ದವರು ಅದೇ ಊರಿನ ದಂಪತಿ. ಎಲ್ಲಿ ಹೊಡೆದರೆ ಕೊಂಬೆಗಳ ನಡುವೆ ದಾರಿ ಸಿಗುತ್ತದೆ ಅಂತ ಪ್ರತಿ ಹೋಲ್‌ನಲ್ಲೂ ಹೇಳಿದರು. ಮರಗಳ ಮಧ್ಯೆ ಸಿಕ್ಕಿಕೊಂಡಾಗ ಹೀರೋ ತರಹ ಮುಂದಕ್ಕೆ ಹೊಡೆಯಬೇಡ, ಪಕ್ಕಕ್ಕೆ ತಟ್ಟಿ ಫೇರ್‌ವೇಗೆ ಬಾ ಅಂದರು. ಅಲ್ಲಿಂದಾಚೆಗೆ ನನ್ನ ಸ್ಕೋರ್ ಇಳಿದದ್ದು (ಗಾಲ್ಫ್‌ನಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು) ಈ ಒಂದು ಮಾತಿನಿಂದ.

ಇನ್ನು ಪೆಸಿಫಿಕ್ ಗ್ರೋವ್. ಇದೂ ನಗರಸಭೆಯದ್ದೇ. ಮಾಂಟೆರೆ ಪರ್ಯಾಯ ದ್ವೀಪದ ತುದಿಯಲ್ಲಿದೆ. ಸ್ವಲ್ಪ ದೂರದಲ್ಲೇ ಹೆಸರುವಾಸಿ ಪೆಬಲ್ ಬೀಚ್. ಅಲ್ಲಿ ಒಂದು ಸುತ್ತಿಗೆ 600 ಡಾಲರಿಗೂ ಜಾಸ್ತಿ. ಇಲ್ಲಿ ಅದರ ಒಂದು ಸಣ್ಣ ಪಾಲು. ಮೊದಲ ಒಂಬತ್ತು ಹೋಲ್ 1932ರವು, ಮನೆಗಳ ಮಧ್ಯೆ, ಮರಗಳ ಮಧ್ಯೆ ಹೋಗುತ್ತವೆ. ಮೊದಲ ಎರಡೂ ಹೋಲ್ ಪಾರ್ 3. ಹಾಗೆ ಶುರುವಾಗುವ ಕೋರ್ಸ್ ಬೇರೆಲ್ಲೂ ನಾನು ಆಡಿಲ್ಲ. ಎರಡನೇ ಒಂಬತ್ತನ್ನು 1960ರಲ್ಲಿ ಸೇರಿಸಿದವರು ಜ್ಯಾಕ್ ನೆವಿಲ್, ಪೆಬಲ್ ಬೀಚ್ ವಿನ್ಯಾಸ ಮಾಡಿದ ಇಬ್ಬರಲ್ಲಿ ಒಬ್ಬರು.

ಆ ಎರಡನೇ ಒಂಬತ್ತಕ್ಕೆ ಬರುವಾಗ ಮರಗಳು ಮುಗಿಯುತ್ತವೆ. ಎದುರಿಗೆ ಮರಳ ದಿಬ್ಬ, ಅದರಾಚೆ ಪೆಸಿಫಿಕ್ ಸಾಗರ. ಪಾಯಿಂಟ್ ಪಿನೋಸ್ ದೀಪಸ್ತಂಭ ಕೋರ್ಸಿನ ಪಕ್ಕದಲ್ಲೇ ಇದೆ, 1855ರಿಂದ ಉರಿಯುತ್ತಿದೆ. ಜಿಂಕೆಗಳು ಫೇರ್‌ವೇ ಮೇಲೆ ಮಲಗಿರುತ್ತವೆ. ನಾನು ಹೋದ ದಿನ ಗಾಳಿ ಎಷ್ಟಿತ್ತು ಅಂದರೆ ಟೀ ಕಡ್ಡಿಯ ಮೇಲೆ ಇಟ್ಟ ಚೆಂಡು ನಿಲ್ಲುತ್ತಿರಲಿಲ್ಲ. ಜೊತೆಗಿದ್ದವರು ಆ ಊರಿನ ಒಬ್ಬ ಬಡಗಿ. ಅವರು ಒಂದು ಸಲವೂ ಚೆಂಡನ್ನು ಎತ್ತರಕ್ಕೆ ಹೊಡೆಯಲಿಲ್ಲ. ಚೆಂಡನ್ನು ಬಲಗಾಲಿನ ಕಡೆ ಇಟ್ಟುಕೊಂಡು, ಅರ್ಧ ಸ್ವಿಂಗ್‌ನಲ್ಲಿ, ನೆಲಕ್ಕೆ ಹತ್ತಿರವಾಗಿ ಹೋಗುವ ಹಾಗೆ ಹೊಡೆಯುತ್ತಿದ್ದರು. ನಾನೂ ಹಾಗೇ ಪ್ರಯತ್ನಿಸಿದೆ. ದಿಬ್ಬಗಳ ಮೇಲೆಲ್ಲ ಐಸ್ ಪ್ಲಾಂಟ್ ಅನ್ನುವ ದಪ್ಪ ಎಲೆಯ ಬಳ್ಳಿ ಹಬ್ಬಿದೆ. ಚೆಂಡು ಅದರೊಳಗೆ ಹೋದರೆ ಕ್ಲಬ್ ತಿರುಚಿಕೊಳ್ಳುತ್ತದೆ. 2019ರಿಂದ ಚೆಂಡು ಹುಡುಕಲು ಮೂರೇ ನಿಮಿಷ, ಮೊದಲು ಐದಿತ್ತು. ಅವರು ಒಂದು ನಿಮಿಷಕ್ಕೇ ಬೇರೆ ಚೆಂಡು ತೆಗೆದು, “ಇದು ಸಮುದ್ರದ ಪಾಲು” ಅಂದರು. ದೀಪಸ್ತಂಭದ ಹತ್ತಿರ, ಕ್ರೆಸ್ಪಿ ಕೊಳದ ಪಕ್ಕ ಒಂದು ಪಾರ್ 3 ಹೋಲ್ ಇದೆ. ಅಲ್ಲಿ ನನ್ನ ತಗ್ಗು ಹೊಡೆತ ಗಾಳಿಯನ್ನು ಸೀಳಿಕೊಂಡು ಹೋಗಿ ಗ್ರೀನ್ ಮೇಲೆ ನಿಂತಿತು. ಬಡಗಿ ಏನೂ ಹೇಳದೆ ಕೈ ಎತ್ತಿ ನನ್ನ ಅಂಗೈಗೆ ತಟ್ಟಿದರು. ಪೆಬಲ್ ಬೀಚ್‌ಗೆ ಅಷ್ಟು ದುಡ್ಡು ಕೊಡುವ ಯೋಚನೆಯನ್ನು ನಾನು ಅವತ್ತೇ ಬಿಟ್ಟೆ.

ಸ್ಯಾನ್ ಫ್ರಾನ್ಸಿಸ್ಕೋದ ಹಾರ್ಡಿಂಗ್ ಪಾರ್ಕ್ ಬಗ್ಗೆ ಬಹಳ ಜನ ಕೇಳುತ್ತಾರೆ. 1925ರಲ್ಲಿ ಶುರುವಾದ ನಗರಸಭೆಯ ಕೋರ್ಸ್. ನಡುವೆ ಅದರ ಸ್ಥಿತಿ ಎಷ್ಟು ಹದಗೆಟ್ಟಿತ್ತು ಅಂದರೆ, 1998ರಲ್ಲಿ ಪಕ್ಕದ ಒಲಿಂಪಿಕ್ ಕ್ಲಬ್‌ನಲ್ಲಿ ಯು.ಎಸ್. ಓಪನ್ ನಡೆದಾಗ ಇದರ ಫೇರ್‌ವೇಗಳಲ್ಲಿ ಕಾರು ನಿಲ್ಲಿಸಿದ್ದರು. ಆಮೇಲೆ ಸರಿ ಮಾಡಿ 2003ರಲ್ಲಿ ಮತ್ತೆ ತೆರೆದರು. 2020ರಲ್ಲಿ ಪ್ರೇಕ್ಷಕರಿಲ್ಲದ ಪಿಜಿಎ ಚಾಂಪಿಯನ್‌ಶಿಪ್ ಅಲ್ಲೇ ನಡೆಯಿತು, ಕಾಲಿನ್ ಮೊರಿಕಾವ ಗೆದ್ದರು. ಚೆನ್ನಾಗಿದೆ, ಒಮ್ಮೆ ಆಡಬೇಕು. ಆದರೆ ಊರಿನ ಹೊರಗಿನವರಿಗೆ ದುಬಾರಿ, ಫೇರ್‌ವೇ ಪಕ್ಕದ ರಫ್‌ನ ಹುಲ್ಲು ದಟ್ಟ, ಹೊಸಬರಿಗೆ ಬರೀ ಶಿಕ್ಷೆ.

ಕಳೆದ ಸಲ ಊರಿಗೆ ಹೋದಾಗ ಮೈಸೂರಿನಲ್ಲೂ ಆಡಿದೆ. ಚಾಮುಂಡಿ ಬೆಟ್ಟದ ಕೆಳಗೆ, ರೇಸ್ ಕೋರ್ಸ್ ಆವರಣದಲ್ಲೇ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಗೆಳತಿಯ ಅಪ್ಪ ಅಲ್ಲಿನ ಸದಸ್ಯರು, ಅವರ ಜೊತೆ ಹೋದೆ. ಅಮೆರಿಕದ ಊರ ಕೋರ್ಸ್‌ಗಳಲ್ಲಿ ನಮ್ಮ ಬ್ಯಾಗ್ ನಾವೇ ಹೊರಬೇಕು. ಇಲ್ಲಿ ಕ್ಯಾಡಿ ಇದ್ದರು. ನನ್ನ ಎರಡು ಹೊಡೆತ ನೋಡಿದ ಮೇಲೆ ಯಾವ ಕ್ಲಬ್ ಕೊಡಬೇಕು ಅಂತ ಅವರೇ ತೀರ್ಮಾನ ಮಾಡುತ್ತಿದ್ದರು. ಗ್ರೀನ್ ಮೇಲೆ ನಾನು ಬಗ್ಗಿ ನೋಡುತ್ತಿದ್ದರೆ, “ಮೇಡಂ, ನೇರ ಕಾಣುತ್ತೆ, ಆದ್ರೆ ಬೆಟ್ಟದ ಕಡೆಯಿಂದ ಈಚೆಗೆ ಎಳೆಯುತ್ತೆ. ಒಂದು ಕಪ್ ಎಡಕ್ಕೆ ಕೊಡಿ” ಅಂದರು. ಕುಳಿಯ ಅಗಲದಷ್ಟು ಎಡಕ್ಕೆ ಕೊಟ್ಟೆ. ಬಿತ್ತು. ಕನ್ನಡದಲ್ಲಿ ಗಾಲ್ಫ್ ಪಾಠ ಕೇಳಿದ್ದು ಅದೇ ಮೊದಲು. ಇಷ್ಟು ಚೆನ್ನಾಗಿ ಆಟ ಬಲ್ಲವರ ಮಕ್ಕಳು ಆಡುವುದಕ್ಕೆ ಅಲ್ಲಿ ಊರಿನದ್ದೇ ಒಂದು ಕೋರ್ಸ್ ಯಾಕಿಲ್ಲ ಅಂತ ಅವತ್ತಿಂದ ಯೋಚಿಸುತ್ತಿದ್ದೇನೆ.

ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಆಟ ನಮಗೆ ಹೊಸದಲ್ಲ. ದೆಹಲಿಯಲ್ಲಿ ಅಭಿವೃದ್ಧಿ ಪ್ರಾಧಿಕಾರವೇ ಲಾಡೋ ಸರಾಯ್‌ನಲ್ಲಿ ಕುತುಬ್ ಗಾಲ್ಫ್ ಕೋರ್ಸ್ ನಡೆಸುತ್ತಿದೆ, ಯಾರು ಬೇಕಾದರೂ ದುಡ್ಡು ಕಟ್ಟಿ ಆಡಬಹುದು. ನಮ್ಮಲ್ಲೂ ಹಾಗೆ ಒಂಬತ್ತು ಹೋಲ್‌ನ ಸಣ್ಣದೊಂದು ಮಾಡಬಹುದು ಅಲ್ವಾ? ನೀರಿನ ಪ್ರಶ್ನೆ ಬರುತ್ತದೆ, ಬರಲೇಬೇಕು. ಅದಕ್ಕೂ ದಾರಿ ಇದೆ. ಹಾರ್ಡಿಂಗ್ ಪಾರ್ಕ್‌ಗೆ ಪಕ್ಕದ ಡೇಲಿ ಸಿಟಿಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಬರುತ್ತದೆ. ಪೆಸಿಫಿಕ್ ಗ್ರೋವ್ ಊರಿನವರು ತಮ್ಮ ಕೋರ್ಸಿಗೆ, ಸ್ಮಶಾನದ ಹುಲ್ಲಿಗೆ ಅಂತಲೇ ಒಂದು ಶುದ್ಧೀಕರಣ ಘಟಕ ಕಟ್ಟಿಕೊಂಡಿದ್ದಾರೆ. ಕುಡಿಯುವ ನೀರು ಮುಟ್ಟದೆ ಮಾಡುವುದಾದರೆ ಮಾತ್ರ ಮಾಡಬೇಕು.

ಈಗ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರುವ, ಶುರು ಮಾಡಬೇಕು ಅಂತಿರುವ ಕನ್ನಡಿಗರಿಗೆ. ಹೊಸ ಕ್ಲಬ್ ಸೆಟ್ ತೆಗೆದುಕೊಳ್ಳಬೇಡಿ. ಹಳೆಯದು ಸಿಗುತ್ತದೆ, ಕೌಂಟರಿನಲ್ಲಿ ಬಾಡಿಗೆಗೂ ಕೊಡುತ್ತಾರೆ. ಒಂದು ಸೆವೆನ್ ಐರನ್, ಚೆಂಡು ಎತ್ತಿ ಹೊಡೆಯಲು ಒಂದು ವೆಡ್ಜ್, ಒಂದು ಪಟ್ಟರ್ ಸಾಕು. ಕಾಲರ್ ಇರುವ ಟಿ-ಶರ್ಟ್ ಹಾಕಿಕೊಂಡು ಹೋಗಿ, ಕೆಲವು ಕಡೆ ಕೇಳುತ್ತಾರೆ. ವಾರದ ದಿನ ಸಂಜೆ ಹೋಗಿ. ನಾನು ಹೊಸಬ, ಹೊಸಬಳು ಅಂತ ಸ್ಟಾರ್ಟರ್‌ಗೆ ಮೊದಲೇ ಹೇಳಿದರೆ ಹಿಂದೆ ಅವಸರದ ಗುಂಪು ಇಲ್ಲದ ಸಮಯ ನೋಡಿ ಬಿಡುತ್ತಾರೆ. ಚೆಂಡು ಹೆಚ್ಚಿಗೆ ಇಟ್ಟುಕೊಳ್ಳಿ. ನೀರಿನ ಬಾಟಲಿ ಮರೆಯಬೇಡಿ. ನಡೆದೇ ಆಡಿ, ಕಾರ್ಟ್ ತೆಗೆದುಕೊಳ್ಳಬೇಡಿ. ಕಾರ್ಟ್‌ನಲ್ಲಿ ಕೂತರೆ ಜೊತೆಗೆ ಬಂದವರ ಮಾತು ತಪ್ಪಿಹೋಗುತ್ತದೆ. ಸಂಕನ್ ಗಾರ್ಡನ್ಸ್‌ನಲ್ಲಿ ಆಡುವುದಾದರೆ ಗ್ರೀನ್ ಫೋರ್ಕ್ ತೆಗೆದುಕೊಂಡು ಹೋಗಿ. ಒಬ್ಬರೇ ಹೋಗೋಕೆ ಸಂಕೋಚ ಆದರೆ ಗುರುವಾರ ಸಂಜೆ ಬನ್ನಿ, ನಾವು ಮೂವರು ಇರುತ್ತೇವೆ, ನಾಲ್ಕನೆಯವರಿಗೆ ಜಾಗ ಇದೆ.